ತಮ್ಮನ ಪಟಕ್ಕೆ ಹೆಸರು ಬರೆಸಿದ್ದು

ಲಂಡನ್ನಿಗೆ ಹೋಗಿ ಬಂದವಳು ಅಂದ ಕೂಡಲೇ ಜನ ಕೇಳುವುದು ಎರಡೇ ಮಾತು. ಅರಮನೆ ನೋಡಿದ್ರಾ? ಊಟಕ್ಕೇನು ಮಾಡಿದ್ರಿ? ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಮಳೆ ಬರುತ್ತಿತ್ತು, ಸರಿಯಾಗಿ ಕಾಣಲಿಲ್ಲ. ಊಟದ ಕತೆ ಮುಂದೆ ಹೇಳುತ್ತೇನೆ. ಆರು ತಿಂಗಳಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದೇ ಒಂದು ಪಟ. ಅದರ ಸಲುವಾಗಿ ಆ ಊರಿನ ದೊಡ್ಡ ಮನುಷ್ಯರ ಹತ್ತಿರ ಜಗಳವಾಡಿದೆ. ಗೆದ್ದೆನೋ ಸೋತೆನೋ ನೀವೇ ಹೇಳಬೇಕು.

ಹರಿಹರ ಸ್ಟೇಷನ್

ನಾನು ಗೌರಮ್ಮ, ಸಾಸ್ವೆಹಳ್ಳಿಯವಳು, ಹೊನ್ನಾಳಿ ಆಸ್ಪತ್ರೆಯಲ್ಲಿ ನರ್ಸು. ಲಿಂಗವಂತರ ಹೆಣ್ಣುಮಗಳು ಕಂಡವರ ಹೇಲು ಉಚ್ಚೆ ಬಳಿಯುವ ಕೆಲಸಕ್ಕೆ ಹೋದಳು ಅಂತ ಊರೆಲ್ಲ ಉಗಿದಿತ್ತು. ಅದೇ ಊರಿನ ಹೆಂಗಸರು ಹೆರಿಗೆ ನೋವು ಬಂದಾಗ ಗಾಡಿ ಕಟ್ಟಿಸಿಕೊಂಡು ನನ್ನ ಹತ್ತಿರವೇ ಬಂದರು, ಆ ಮಾತು ಬೇರೆ. ಸ್ವಾತಂತ್ರ್ಯ ಬಂದ ಮರುವರ್ಷ ಹೆರಿಗೆ ಕೆಲಸದಲ್ಲಿ ಹೆಚ್ಚಿನ ತರಬೇತಿಗೆ ಅಂತ ಸರ್ಕಾರದವರು ನನ್ನನ್ನು ವಿಲಾಯತಿಗೆ ಆರಿಸಿದರು. ಬೇರೆ ಯಾವಾಗಲಾದರೂ ಆಗಿದ್ದರೆ ಅವ್ವ ಹಡಗು ಹತ್ತಲು ಬಿಡುತ್ತಿರಲಿಲ್ಲ. ಈ ಸಲ ಅವಳೇ ಅವಸರ ಮಾಡಿ ಕಳಿಸಿದಳು, ಅದಕ್ಕೆ ಕಾರಣ ನನ್ನ ತಮ್ಮ ಹಾಲೇಶ.

ಹಾಲೇಶ ಬೆಂಗಳೂರಲ್ಲಿ ಓದುತ್ತಿದ್ದವನು ಯುದ್ಧದ ಹೊತ್ತಿಗೆ ವಿಮಾನ ಪಡೆ ಸೇರಿದ. ಒಬ್ಬನೇ ಕೂತು ಹಾರಿಸುವ ಕಾಳಗದ ವಿಮಾನ ಅವನದು. ಬರ್ಮಾ ಗಡಿಗೆ ಹಾಕಿದ್ದರು. ನಲವತ್ನಾಲ್ಕರಲ್ಲಿ ಒಂದು ತಂತಿ ಬಂತು: ಕಾಣೆಯಾಗಿದ್ದಾನೆ. ಅಷ್ಟೇ. ಸತ್ತ ಅಂತಿಲ್ಲ, ಬದುಕಿದ್ದಾನೆ ಅಂತಲೂ ಇಲ್ಲ. ಊರಿನವರು ಕ್ರಿಯೆ ಮಾಡಿಬಿಡಿ ಅಂದರು. ಅವ್ವ ಅವರ ಮೇಲೆ ಹರಿಹಾಯ್ದಳು. "ಕಾಣೆಯಾಗಿರೋದು ಅಂದ್ರೆ ಎಲ್ಲೋ ಐತೆ ಅಂತ ಅರ್ಥ. ನಿಮ್ಮನೆ ಎಮ್ಮೆ ಕಾಣೆಯಾದ್ರೆ ತಿಥಿ ಮಾಡ್ತೀರೇನ್ರೋ?" ಅಂದಳು.

ಆಮೇಲೆ ಯುದ್ಧ ಮುಗಿಯಿತು. ನಮ್ಮ ಆಸ್ಪತ್ರೆಯ ಡಾಕ್ಟರು ತರಿಸುತ್ತಿದ್ದ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಒಂದು ದಿನ ಯುದ್ಧದ ಚಿತ್ರಗಳ ಪುಟ ಬಂದಿತ್ತು. ಅದರ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕಪ್ಪು ಬಿಳುಪು ಮುಖ. ಎಡ ಹುಬ್ಬು ನಡುವೆ ಸೀಳಿದೆ. ಆ ಹುಬ್ಬು ಸೀಳಿದ್ದು ನಾನೇ, ಚಿಣ್ಣಿದಾಂಡು ಆಡುವಾಗ. ಹೆಗಲಿನ ಮೇಲೆ ಬಿಳಿ ಬಟ್ಟೆ, ಎದೆಯ ಮೇಲೆ ಕಪ್ಪು ಕಲೆ. ಕೆಳಗೆ ಬರೆದಿತ್ತು: "ಗಾಯಗೊಂಡ ಭಾರತೀಯ ವಿಮಾನ ಚಾಲಕ. ಹೆಸರು ತಿಳಿದಿಲ್ಲ." ಪಟ ಲಂಡನ್ನಿನ ಒಂದು ಯುದ್ಧದ ಮ್ಯೂಸಿಯಮ್ಮಿನಲ್ಲಿ ಇದೆ ಅಂತಲೂ ಇತ್ತು.

ಅವ್ವನಿಗೆ ಅದು ಸಾಕಾಯಿತು. ಗಾಯ ಆಗಿದೆ ಅಂದರೆ ಆಸ್ಪತ್ರೆಗೆ ಹಾಕಿದ್ದಾರೆ, ಹೆಸರು ತಿಳಿದಿಲ್ಲ ಅಂದರೆ ಪೆಟ್ಟು ಬಿದ್ದು ನೆನಪು ಹೋಗಿದೆ, ಎಲ್ಲೋ ಮಂಚದ ಮೇಲೆ ಮಲಗಿದ್ದಾನೆ. ನರ್ಸಾದ ನಾನೂ ಹೌದು ಹೌದು ಅಂದೆ. ಅವ್ವ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಹೋಗಿ ಸಿಪಾಯಿಗಳ ಕಂಬಳಿ ಎತ್ತೆತ್ತಿ ಮುಖ ನೋಡಿ ಬಂದಳು. ಅಲ್ಲಿನವರು ಅವಳನ್ನು ಕೈ ಹಿಡಿದು ಆಚೆ ಹಾಕಿದರಂತೆ.

ಹರಿಹರ ಸ್ಟೇಷನ್ನಿನಲ್ಲಿ ಬೊಂಬಾಯಿ ಕಡೆಯ ರೈಲು ಬರುವ ಮುಂಚೆ ಅವ್ವ ನನ್ನ ಗದ್ದ ಹಿಡಿದು ಹೇಳಿದಳು. "ಯವ್ವಾ ಗೌರಿ, ಆ ಪಟ ಬರೆದೋರನ್ನ ಹಿಡಿ. ಇವನನ್ನ ಯಾವ ಆಸ್ಪತ್ರೆಗೆ ಹಾಕಿದ್ರಿ ಅಂತ ಕೇಳು. ಕೇಳದೆ ಬಂದ್ರೆ ನೀನು ಬರಬ್ಯಾಡ."

ನಾನು ಆಗಲಿ ಅಂದೆ. ಆಗಲ್ಲ ಅನ್ನಲು ಮನಸ್ಸು ಬರಲಿಲ್ಲ, ಅವನು ಬದುಕಿರುವುದು ನನಗೂ ಬೇಕಿತ್ತು.

ಹಡಗು, ಆಮೇಲೆ ಕಸ್ಟಮ್ಸ್ ಮೇಜು

ಹಡಗಿನ ಬಗ್ಗೆ ಹೇಳುವುದು ಕಡಿಮೆ, ಯಾಕಂದರೆ ಏಡನ್ನಿನ ತನಕ ನಾನು ಬಕೆಟ್ಟಿನೊಳಗೆ ಮುಖ ಇಟ್ಟುಕೊಂಡಿದ್ದೆ. ಎಷ್ಟೋ ಜನರಿಗೆ ವಾಂತಿ ನಿಲ್ಲುವ ಔಷಧಿ ಕೊಟ್ಟವಳು ನಾನು. ತಾನು ಕೂತರೆ ಗೊತ್ತಾಗುತ್ತೆ ಮುಳ್ಳಿನ ಮೊನೆ.

ದಡ ಮುಟ್ಟಿದ ಮೇಲೆ ಕಸ್ಟಮ್ಸಿನವನು ನನ್ನ ಟ್ರಂಕು ತೆಗೆಸಿದ. ಅವ್ವ ಬಿಳಿ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ, ಒಂದು ಮಾರು ಎತ್ತರ ಅಂದರೂ ನಂಬುತ್ತೀರಿ. ಅವನು ಒಂದನ್ನು ಬೆರಳಿನಿಂದ ಟಕ ಟಕ ಬಡಿದು, ಬೆಳಕಿಗೆ ಹಿಡಿದು ನೋಡಿ, "ಇದು ಯಾವುದಕ್ಕೆ ಬಳಸುವ ಹಲಗೆ?" ಅಂತ ಕೇಳಿದ.

"ತಿನ್ನೋದಕ್ಕೆ," ಅಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಶೇಂಗಾ ಚಟ್ನಿಪುಡಿ ಹಚ್ಚಿ ಒಂದು ಚೂರು ಕೊಟ್ಟೆ. ಕಟುಮ್ ಕಟುಮ್ ಅಂತ ಕಡಿದ, ಕಣ್ಣಲ್ಲಿ ನೀರು ಬಂತು, ಇನ್ನೊಂದು ಚೂರು ಕೇಳಿದ. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಮನುಷ್ಯ ಅವನೇ.

ಮಿಸೆಸ್ ಡಾಬ್ಸ್ ಮನೆ

ನಾನಿದ್ದದ್ದು ಮಿಸೆಸ್ ಡಾಬ್ಸ್ ಅನ್ನುವ ಮುದುಕಿಯ ಮನೆಯ ಮಾಳಿಗೆ ಕೋಣೆಯಲ್ಲಿ. ಯುದ್ಧ ಮುಗಿದು ಮೂರು ವರ್ಷವಾದರೂ ಅಲ್ಲಿ ಎಲ್ಲದಕ್ಕೂ ರೇಷನ್ನು. ಸಕ್ಕರೆಗೆ, ಬೆಣ್ಣೆಗೆ, ಮಾಂಸಕ್ಕೆ ಚೀಟಿ. ನಾನು ಮಾಂಸ ತಿನ್ನುವುದಿಲ್ಲ ಅಂತ ತಿಳಿದಾಗ ಆ ಮುದುಕಿಯ ಮುಖ ಅರಳಿದ್ದು ನೋಡಬೇಕಿತ್ತು. ನನ್ನ ಪಾಲಿನ ಮಾಂಸ ಅವಳ ಗಂಡನ ತಟ್ಟೆಗೆ. ಅಕ್ಕಪಕ್ಕದ ಹೆಂಗಸರು, "ನಿಮ್ಮಂಥವರು ಇನ್ನೊಬ್ಬರು ಸಿಗುತ್ತಾರಾ?" ಅಂತ ನನ್ನನ್ನೇ ಕೇಳತೊಡಗಿದರು. ನಮ್ಮೂರಲ್ಲಿ ನರ್ಸು ಅಂತ ನನಗೆ ಬಾಡಿಗೆ ಮನೆ ಕೊಡದವರಿದ್ದಾರೆ. ಇಲ್ಲಿ ಲಿಂಗವಂತಳು ಅಂತ ಎಳೆದಾಡುತ್ತಿದ್ದಾರೆ. ಶಿವನೇ, ನಿನ್ನ ಲೀಲೆ.

ಸ್ನಾನದ ವಿಷಯಕ್ಕೆ ಮಾತ್ರ ಜಗಳ ಬಿತ್ತು. ವಾರಕ್ಕೆ ಒಂದು ಸ್ನಾನ ಅಂದಳು. ನಾನು ದಿನಾ ಮೈ ತೊಳೆದು, ವಿಭೂತಿ ಹಚ್ಚಿ, ಲಿಂಗಪೂಜೆ ಮಾಡದೆ ತೊಟ್ಟು ಟೀ ಕುಡಿಯುವವಳಲ್ಲ. ಬಿಸಿನೀರು ಕೊಡದಿದ್ದರೆ ತಣ್ಣೀರು ಸಾಕು ಅಂತ ಆ ಚಳಿಯಲ್ಲಿ ಮೂರು ದಿನ ತಣ್ಣೀರು ಹುಯ್ದುಕೊಂಡೆ. ನಾಲ್ಕನೇ ದಿನ ಅವಳೇ ಒಂದು ಕೆಟಲ್ ಬಿಸಿನೀರು ಬಾಗಿಲ ಹತ್ತಿರ ಇಟ್ಟು ಹೋದಳು. "ನೀನು ಸತ್ತರೆ ನನ್ನ ಗಂಡನಿಗೆ ಮಾಂಸ ಇಲ್ಲ," ಅಂದಳು. ಮಾತು ಒರಟು, ಮನಸ್ಸು ಬೆಣ್ಣೆ. ಅಂಥವರು ನಮ್ಮ ಕಡೆಯೂ ಇದ್ದಾರೆ.

ಮ್ಯೂಸಿಯಂ, ಮೊದಲ ದಿನ

ಮೊದಲ ಭಾನುವಾರ ರಜೆ ಸಿಕ್ಕಿದ್ದೇ ಮ್ಯೂಸಿಯಮ್ಮಿಗೆ ಹೋದೆ. ನೆಲಮಾಳಿಗೆಯಿಂದ ಮೇಲಿನವರೆಗೆ ಯುದ್ಧವೇ ಯುದ್ಧ. ವಿಮಾನ ಕಾಳಗದ ಚಿತ್ರಗಳಿಗೆ ಒಂದು ಉದ್ದನೆಯ ಕೋಣೆ. ನೀಲಿ ಆಕಾಶದ ತುಂಬ ಬಿಳಿ ಗೆರೆಗಳು, ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗೆ. ಹತ್ತಿರ ಹೋದರೆ ಒಂದೊಂದು ಗೆರೆಯ ತುದಿಗೆ ಒಂದೊಂದು ವಿಮಾನ. ಗೋಧಿ ಹೊಲದಲ್ಲಿ ಮೂಗು ಊರಿ ಬಿದ್ದ ವಿಮಾನದ ಚಿತ್ರ. ಕುರ್ಚಿಯಲ್ಲೇ ಬೂಟು ಹಾಕಿಕೊಂಡು ಬಾಯಿ ತೆರೆದು ನಿದ್ದೆ ಹೋದ ಹುಡುಗರು. ಎಲ್ಲರೂ ಇಪ್ಪತ್ತು, ಇಪ್ಪತ್ತೆರಡರ ಹುಡುಗರೇ. ಪ್ರತಿಯೊಂದರ ಕೆಳಗೂ ಹಿತ್ತಾಳೆ ತಗಡಿನಲ್ಲಿ ಹೆಸರು, ಊರು, ಎಷ್ಟು ವಿಮಾನ ಬೀಳಿಸಿದ ಅನ್ನುವುದು.

ಒಂದು ಪಟದಲ್ಲಿ ಚಾಲಕನ ಕಾಲ ಹತ್ತಿರ ಒಂದು ನಾಯಿ ಮಲಗಿತ್ತು. ತಗಡಿನಲ್ಲಿ ನಾಯಿಯ ಹೆಸರೂ ಇತ್ತು.

ಅದರ ಪಕ್ಕದಲ್ಲೇ ನನ್ನ ತಮ್ಮ. ಇವನಿಗೆ ಹಿತ್ತಾಳೆಯೂ ಇಲ್ಲ, ರಟ್ಟಿನ ಚೂರು. ಗಾಯಗೊಂಡ ಭಾರತೀಯ ಚಾಲಕ. ಹೆಸರು ತಿಳಿದಿಲ್ಲ. ನಾನು ನಾಯಿಯ ತಗಡನ್ನೂ ಆ ರಟ್ಟನ್ನೂ ಒಂದಾದ ಮೇಲೊಂದು ಓದಿದೆ, ಮೈಯೆಲ್ಲ ಉರಿಯಿತು.

ಆಮೇಲೆ ಪಟ ನೋಡಿದೆ. ಪತ್ರಿಕೆಯಲ್ಲಿ ಬರೀ ಮುಖ, ಹೆಗಲು, ಎದೆಯ ಒಂದು ಚೂರು ಇತ್ತು. ಇಲ್ಲಿ ಇಡೀ ಆಳು, ಬಣ್ಣದಲ್ಲಿ. ಬಿದಿರಿನ ಚಪ್ಪರದ ಕೆಳಗೆ ಪೆಟ್ಟಿಗೆಯ ಮೇಲೆ ಕೂತಿದ್ದಾನೆ. ಸೆಕೆಗೆ ಅಂಗಿ ಬಿಚ್ಚಿ ಹಾಕಿದ್ದಾನೆ. ನೆಟ್ಟಗೆ ಕೂರಿಸಿದ್ದಕ್ಕೆ ಮುಖ ಸಿಂಡರಿಸಿದ್ದಾನೆ, ಚಿಕ್ಕಂದಿನಲ್ಲಿ ಅವ್ವ ತಲೆ ಬಾಚುವಾಗ ಸಿಂಡರಿಸುತ್ತಿದ್ದನಲ್ಲ, ಥೇಟ್ ಹಾಗೇ. ಎಡ ಹೆಗಲ ಮೇಲಿಂದ ಬಲ ಕಂಕುಳ ಕೆಳಗೆ ಬಿಳಿ ಬಟ್ಟೆ, ಒಂದೇ ಸುತ್ತು. ಎದೆಯ ಮೇಲೆ ಒಂದು ಗಂಟು. ಗಂಟಿನ ಒಳಗಿಂದ ಕೆಂಪು ಕಾಣುತ್ತಿದೆ.

ಅಯ್ಯೋ ದೇವರೇ, ಅದು ಬ್ಯಾಂಡೇಜು ಅಲ್ಲ! ಅದು ಲಿಂಗವಸ್ತ್ರ. ಲಿಂಗಕ್ಕೆ ಸುತ್ತಿದ ಕೆಂಪು ರೇಷ್ಮೆ ಬಟ್ಟೆ ಬಿಳಿಯ ಒಳಗಿಂದ ಇಣುಕುತ್ತಿದೆ. ಅದನ್ನೇ ಇವರು ರಕ್ತ ಅಂದುಕೊಂಡಿದ್ದಾರೆ. ಚಿತ್ರಕಾರನೂ, ಮ್ಯೂಸಿಯಮ್ಮಿನವರೂ, ಪತ್ರಿಕೆಯವರೂ, ಕೊನೆಗೆ ಸಾಸ್ವೆಹಳ್ಳಿಯಲ್ಲಿ ನಾವೂ.

ಒಂದು ಗಳಿಗೆ ನಗು ಬಂತು. ಮರುಗಳಿಗೆ ಉಳಿದದ್ದೂ ಹೊಳೆಯಿತು. ಗಾಯ ಆಗಿಲ್ಲ ಅಂದರೆ ಆಸ್ಪತ್ರೆ ಇಲ್ಲ. ಆಸ್ಪತ್ರೆ ಇಲ್ಲ ಅಂದರೆ ಅವ್ವ ನಾಲ್ಕು ವರ್ಷದಿಂದ ಹಿಡಿದುಕೊಂಡಿರುವ ಹಗ್ಗಕ್ಕೆ ಆಚೆ ತುದಿಯೇ ಇಲ್ಲ.

ಯಾರಿಗೂ ಏನೂ ಹೇಳದೆ ಹೊರಗೆ ಬಂದೆ. ಎದುರಿನ ತೋಟದಲ್ಲಿ ಒಂದು ಬೆಂಚು ಇತ್ತು. ಬಾಂಬು ಬಿದ್ದ ಜಾಗವೆಲ್ಲ ಹಾಗೇ ಹಳ್ಳವಾಗಿತ್ತು, ಅದರಲ್ಲಿ ಯಾರೋ ಎಲೆಕೋಸು ಬೆಳೆದಿದ್ದರು. ಕೂತು ಯೋಚನೆ ಮಾಡಿದೆ. ನಾನು ಬಾಯಿ ಮುಚ್ಚಿಕೊಂಡರೆ ಏನೂ ಕೆಡುವುದಿಲ್ಲ. ರಟ್ಟು ಹಾಗೇ ಇರುತ್ತದೆ, ಅವ್ವ ಹಾಗೇ ಕಾಯುತ್ತಾಳೆ, ಅವಳು ಇರುವ ತನಕ ಹಾಲೇಶನೂ ಇರುತ್ತಾನೆ. ಬಾಯಿ ಬಿಟ್ಟರೆ ತಮ್ಮನಿಗೆ ಹೆಸರು ಸಿಗಬಹುದು, ಅವ್ವನಿಗೆ ಮಗ ಇಲ್ಲವಾಗುತ್ತಾನೆ.

ಎಷ್ಟು ಹೊತ್ತು ಕೂತೆನೋ. ತಲೆಯೊಳಗೆ ಮತ್ತೆ ಮತ್ತೆ ಬರುತ್ತಿದ್ದದ್ದು ಆ ನಾಯಿಯ ತಗಡು. ನನ್ನ ತಮ್ಮ ಯಾರ ಮನೆಯ ಅನಾಥ? ಅವನಿಗೆ ಆಗದೇ ಇದ್ದ ಗಾಯವನ್ನು ಎದೆಗೆ ಅಂಟಿಸಿ, ಅವನಿಗೆ ಇದ್ದ ಹೆಸರನ್ನು ಕಿತ್ತುಕೊಂಡು, ಬಂದವರೆಲ್ಲ ಪಾಪ ಅಂದುಕೊಂಡು ಹೋಗುವಂತೆ ಗೋಡೆಗೆ ಹಾಕಿದ್ದಾರೆ. ಅವನು ಪಾಪ ಅನ್ನಿಸಿಕೊಳ್ಳುವ ಜಾತಿಯವನೇ ಅಲ್ಲ. ಸುಳ್ಳಿನ ಮೇಲೆ ನಾನು ಅವ್ವನನ್ನು ಕೂರಿಸಿ ಕಾಯಿಸುವುದಿಲ್ಲ. ಏನಾದರೂ ಆಗಲಿ ಅಂತ ಎದ್ದೆ.

ಮ್ಯೂಸಿಯಂ, ಎರಡನೇ ದಿನ

ಮುಂದಿನ ವಾರ ಅರ್ಧ ದಿನ ರಜೆ ಕೇಳಿ ಹೋದೆ. ಕಾಗದ ಪತ್ರಗಳ ಕೋಣೆ ನೋಡಿಕೊಳ್ಳುವವರು ಮಿಸ್ಟರ್ ಪೆಲ್ ಅಂತ, ತೆಳ್ಳನೆಯ ಹಿರಿಯರು. ಮೂಗಿನ ತುದಿಯಲ್ಲಿ ಕನ್ನಡಕ. ಅವರ ಕೋಣೆಯ ಗೋಡೆ ತುಂಬ ವಿಮಾನ ದಳಗಳ ದಿನಚರಿ ಪುಸ್ತಕಗಳು, ಚಾಲಕರು ಕಾಳಗ ಮುಗಿಸಿ ಬಂದು ಬರೆದುಕೊಟ್ಟ ವರದಿಗಳು.

ನಾನು ಪಟದವನ ಅಕ್ಕ ಅಂತ ಹೇಳಿ, ನಮಗೆ ಬಂದ ತಂತಿ, ಆಮೇಲೆ ಬಂದ ಸರ್ಕಾರಿ ಕಾಗದ ಎರಡನ್ನೂ ಮೇಜಿನ ಮೇಲಿಟ್ಟೆ. ಅವರು ಮರ್ಯಾದೆಯಿಂದಲೇ ಓದಿದರು. ಒಂದು ಫೈಲು ತೆಗೆದು ನೋಡಿ ತಲೆ ಅಲ್ಲಾಡಿಸಿದರು.

"ನಾವೂ ಹುಡುಕಿದ್ದೇವೆ, ನರ್ಸ್. ಚಿತ್ರಕಾರರು ತಾರೀಖು ಬರೆದಿದ್ದಾರೆ, ದಳ ಯಾವುದು ಅಂತ ಬರೆದಿದ್ದಾರೆ. ಹುಡುಗನ ಹೆಸರು ಬರೆಯಲು ಮರೆತಿದ್ದಾರೆ. ಆ ದಳದಲ್ಲಿ ಆ ತಿಂಗಳು ಗಾಯಗೊಂಡವರ ಪಟ್ಟಿಯಲ್ಲಿ ಭಾರತೀಯ ಚಾಲಕ ಯಾರೂ ಇಲ್ಲ. ಹಾಗಾಗಿ ಹೆಸರು ತಿಳಿದಿಲ್ಲ ಅಂತ ಹಾಕಿದೆವು. ಗಾಯಾಳುಗಳಲ್ಲಿ ಇಲ್ಲದ ಮೇಲೆ ಎಲ್ಲಿ ಅಂತ ಹುಡುಕುವುದು?"

"ಗಾಯ ಆಗದೇ ಇದ್ದವರಲ್ಲಿ ಹುಡುಕಿ," ಅಂದೆ.

"ಆದರೆ ಬ್ಯಾಂಡೇಜು ಇದೆಯಲ್ಲ?"

"ಒಂದು ಬ್ಯಾಂಡೇಜು ಸುರುಳಿ ತರಿಸ್ರಿ. ಒಬ್ಬ ಆಳನ್ನೂ ಕರೀರಿ."

ಅವರಿಗೆ ಗಾಬರಿ. ಆದರೂ ಪಟದ ಕೋಣೆ ಕಾಯುವ ಫ್ರೆಡ್ ಅನ್ನುವವನನ್ನು ಕರೆಸಿದರು, ಮೊದಲ ಮಹಾಯುದ್ಧದಲ್ಲಿ ಸಿಪಾಯಿ ಆಗಿದ್ದವನಂತೆ. ಔಷಧಿ ಪೆಟ್ಟಿಗೆಯಿಂದ ಸುರುಳಿ ಬಂತು. ಎಲ್ಲರೂ ಪಟದ ಮುಂದೆ ಹೋದೆವು. ನಾನು ಫ್ರೆಡ್ಡಿಗೆ ಕೋಟು ಬಿಚ್ಚಲು ಹೇಳಿ, ಹೆಗಲಿನ ಗಾಯಕ್ಕೆ ಹೇಗೆ ಕಟ್ಟುತ್ತಾರೋ ಹಾಗೆ ಕಟ್ಟಿದೆ. ಕಂಕುಳಲ್ಲಿ ತೂರಿಸಿ, ಬೆನ್ನ ಮೇಲಿಂದ ತಂದು, ಸುತ್ತಿನ ಮೇಲೆ ಸುತ್ತು, ಒಂದರ ಅರ್ಧ ಇನ್ನೊಂದು ಮುಚ್ಚುವ ಹಾಗೆ. ಇಡೀ ಸುರುಳಿ ಮುಗಿಯಿತು. ನೋಡುತ್ತಿದ್ದ ಜನರೂ ಸೇರಿಕೊಂಡರು. ಫ್ರೆಡ್ ಮೀಸೆ ತಿರುವಿಕೊಂಡು ನಿಂತ, ಇಪ್ಪತ್ತು ವರ್ಷದಿಂದ ಅವನನ್ನು ಯಾರೂ ಇಷ್ಟು ಗಮನಿಸಿರಲಿಲ್ಲ ಅಂತ ಕಾಣುತ್ತೆ.

"ನೋಡ್ರಿ," ಅಂದೆ. "ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಎದೆಗೆ ಗುಂಡು ಬಿದ್ದವನಿಗೆ ಒಂದೇ ಸುತ್ತು ಬಟ್ಟೆ ಹಾಕಿ, ಗಾಯದ ಮೇಲೇ ಗಂಟು ಕಟ್ಟಿದ್ರೆ ನನ್ನ ಡಾಕ್ಟರು ನನ್ನ ಕೆಲಸದಿಂದ ತೆಗೀತಾರೆ."

ಆಮೇಲೆ ನನ್ನ ಸೆರಗಿನ ಒಳಗಿಂದ ಶಿವದಾರ ಎಳೆದು ಲಿಂಗ ತೋರಿಸಿದೆ. ಹೆಂಗಸರಾದ ನಾವು ಹೀಗೆ ಕೊರಳಿಗೆ ಹಾಕುತ್ತೇವೆ, ಗಂಡಸರು ಬಟ್ಟೆಯಲ್ಲಿ ಹಾಗೆ ಕಟ್ಟುತ್ತಾರೆ, ಮಗು ಹುಟ್ಟಿದಾಗಲೇ ಕಟ್ಟುತ್ತೇವೆ, ಸಾಯುವ ತನಕ ಬಿಚ್ಚುವುದಿಲ್ಲ ಅಂತ ಹೇಳಿದೆ. ನಾಲ್ಕು ಜನ ಅಪರಿಚಿತರ ಮುಂದೆ ಲಿಂಗ ಹೊರಗೆ ತೆಗೆದದ್ದು ತಪ್ಪೋ ಸರಿಯೋ ಶಿವನಿಗೆ ಬಿಟ್ಟದ್ದು. ನನಗೆ ಆಗ ಸಾಕ್ಷಿ ಬೇಕಿತ್ತು.

ಮಿಸ್ಟರ್ ಪೆಲ್ ಒಳಗೆ ಹೋಗಿ ಚಿತ್ರಕಾರನ ದಿನಚರಿ ತಂದರು. ಪುಟ ತಿರುವಿ ಗಟ್ಟಿಯಾಗಿ ಓದಿದರು. "ಎದೆಯ ಮೇಲಿನ ಕಟ್ಟು ತೋರಿಸಿ, ನೋಯುತ್ತಿದೆಯೇ ಅಂತ ಕೇಳಿದೆ. ಇಲ್ಲ ಅಂದ. ಯಾವಾಗಿನಿಂದ ಇದೆ ಅಂದೆ. ಹುಟ್ಟಿದಾಗಿನಿಂದ ಅಂದು ನಕ್ಕ. ಈ ಹುಡುಗರ ಧೈರ್ಯ ದೊಡ್ಡದು."

ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕುಬಿಟ್ಟೆ. ಅವನು ನಿಜ ಹೇಳಿದ್ದಾನೆ, ಇವರು ಧೈರ್ಯ ಅಂದುಕೊಂಡಿದ್ದಾರೆ! ಫ್ರೆಡ್ಡಿಗೆ ಅರ್ಥವಾಗಿ ಅವನೂ ನಕ್ಕ. ಮಿಸ್ಟರ್ ಪೆಲ್ ಮಾತ್ರ ನಗಲಿಲ್ಲ. ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕುರ್ಚಿ ಎಳೆದುಕೊಟ್ಟರು.

ಸತ್ತವರ ಮನೆಯವರಿಗೆ ನಾನೂ ಹಾಗೇ ಕುರ್ಚಿ ಎಳೆದುಕೊಟ್ಟವಳು. ನನಗೆ ಗೊತ್ತಾಯಿತು.

"ಗಾಯ ಆಗಿರಲಿಲ್ಲ ಅಂದ ಮೇಲೆ ದಳದ ದಿನಚರಿಯ ಆ ದಿನದ ಪುಟದಲ್ಲಿ ನಿಮ್ಮ ತಮ್ಮ ಇರಲೇಬೇಕು," ಅಂದರು. "ಆದರೆ ಆ ದಿನದ ಪುಟದಲ್ಲಿ ಇನ್ನೂ ಏನೋ ಇರಬಹುದು. ನೀವು ಬೇಡ ಅಂದರೆ ನಾನು ಪುಸ್ತಕ ತೆಗೆಯುವುದಿಲ್ಲ."

"ತೆಗೀರಿ," ಅಂದೆ.

ಬೆಳಿಗ್ಗೆ ನಾಲ್ಕು ವಿಮಾನ ಹೋಗಿವೆ, ನಾಲ್ಕೂ ವಾಪಸು ಬಂದಿವೆ. ನಾಲ್ವರ ಹೆಸರಲ್ಲಿ ಎರಡನೆಯದು ಹಾಲೇಶನದು. ಯಾರಿಗೂ ಗಾಯ ಇಲ್ಲ. ಮಧ್ಯಾಹ್ನ ಅದೇ ನಾಲ್ಕು ಮತ್ತೆ ಹೋಗಿವೆ. ಬಂದದ್ದು ಮೂರು. ಜೊತೆಯವನೊಬ್ಬ ಪಂಜಾಬಿನ ಹುಡುಗ, ಇಳಿದ ಕೂಡಲೇ ಬರೆದ ವರದಿ ಅದರ ಹಿಂದೆ ಪಿನ್ನು ಚುಚ್ಚಿ ಇತ್ತು. ಶತ್ರುವಿನ ವಿಮಾನ ತನ್ನ ಬೆನ್ನು ಹತ್ತಿತ್ತು, ಹಾಲೇಶ ತಿರುಗಿ ಬಂದು ಅದನ್ನು ಹೊಡೆದು ಓಡಿಸಿದ, ಅಷ್ಟರಲ್ಲಿ ಇನ್ನೊಂದು ಮೇಲಿನಿಂದ ಇಳಿದು ಅವನಿಗೆ ಹೊಡೆಯಿತು. ವಿಮಾನ ಬೆಂಕಿ ಹತ್ತಿ ಹೊಳೆಯ ಬಾಯಿಯಲ್ಲಿ ಬಿತ್ತು. ಪ್ಯಾರಾಚೂಟು ಬಿಚ್ಚಲಿಲ್ಲ. "ನಾನು ಕಣ್ಣಾರೆ ನೋಡಿದೆ" ಅಂತ ಬರೆದಿದ್ದ.

ಹೆಣ ಸಿಗಲಿಲ್ಲ ಅಂತ ನಮಗೆ ಕಾಣೆ ಅಂತ ಬರೆದಿದ್ದರು. ನೋಡಿದವನ ಮಾತು ಈ ಪುಸ್ತಕದ ಒಳಗೇ ನಾಲ್ಕು ವರ್ಷ ಮಲಗಿತ್ತು.

ನಾನು ಅಲ್ಲಿ ಅಳಲಿಲ್ಲ. ಅಳಲೇಬಾರದು ಅಂತ ಹಟ ಹಿಡಿದು ಕೂತಿದ್ದೆ. ಆ ಪುಟವನ್ನು ಒಂದಕ್ಷರ ಬಿಡದೆ ನಕಲು ಮಾಡಿಕೊಂಡೆ. ಎರಡು ಸಲ ಶಾಯಿ ಚೆಲ್ಲಿತು, ಮಿಸ್ಟರ್ ಪೆಲ್ ಒರೆಸಿದರು.

ತಗಡಿನ ಜಗಳ

ಹೆಸರು ಹಾಕಲು ಅವರು ಒಪ್ಪಿದರು. ಆದರೆ ಅವರ ಮೇಲಿನ ಅಧಿಕಾರಿಯೊಬ್ಬ ಇದ್ದ, ಚಿತ್ರಗಳಿಗೆಲ್ಲ ಅವನೇ ಯಜಮಾನ. ಗಾಯಗೊಂಡ ಅನ್ನುವುದನ್ನು ತೆಗೆಯಲು ಅವನು ಒಪ್ಪಲಿಲ್ಲ. ಅದು ಚಿತ್ರಕಾರ ಕೊಟ್ಟ ಹೆಸರಂತೆ. ನನ್ನನ್ನು ಕೂರಿಸಿಕೊಂಡು ನಯವಾಗಿ ಬುದ್ಧಿ ಹೇಳಿದ.

"ಯೋಚಿಸಿ ನೋಡಿ. ಬೆಳಿಗ್ಗೆ ಗಾಯಗೊಂಡವನು ಮಧ್ಯಾಹ್ನ ಮತ್ತೆ ಕಾಳಗಕ್ಕೆ ಹೋದ. ಓದುವವರಿಗೆ ಎಷ್ಟು ದೊಡ್ಡ ವೀರ ಅನ್ನಿಸುತ್ತದೆ. ನಿಮ್ಮ ಕುಟುಂಬಕ್ಕೆ ಹೆಮ್ಮೆ ಅಲ್ಲವೇ?"

ನನಗೆ ಎಲ್ಲಿತ್ತೋ ಸಿಟ್ಟು. "ಸ್ವಾಮಿ, ನನ್ನ ತಮ್ಮ ವೀರ ಆಗಾಕೆ ನಿಮ್ಮ ಕೆಂಪು ಬಣ್ಣ ಬೇಕಾಗಿಲ್ಲ. ಅವನು ಗಟ್ಟಿಮುಟ್ಟಾಗಿ ಹೋದ. ಜೊತೆಯವನನ್ನ ಉಳಿಸಾಕೆ ತಿರುಗಿ ಬಂದ. ನಿಜಾನೇ ಇಷ್ಟು ದೊಡ್ಡದಿರುವಾಗ ಸುಳ್ಳು ಯಾಕೆ ಸೇರಿಸ್ತೀರಿ?" ಅಂದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಅವನಿಗೆ ಪೂರ್ತಿ ತಿಳಿಯಿತು, ಧ್ವನಿ ಸಾಕಾಗಿತ್ತು.

ಅವನು ನೋಡೋಣ ಅಂದ. ನೋಡೋಣ ಅಂದರೆ ಏನು ಅಂತ ನಮ್ಮ ಕಚೇರಿಗಳಿಗೆ ಅಲೆದವರಿಗೆಲ್ಲ ಗೊತ್ತು. ಆ ವಿದ್ಯೆ ಇವರೇ ನಮಗೆ ಕಲಿಸಿ ಬಂದದ್ದು. ಅಲ್ಲಿಂದ ಪ್ರತಿ ಭಾನುವಾರ ಹೋಗಿ ಪಟದ ಮುಂದೆ ನಿಂತುಕೊಂಡೆ. ಬಂದು ನೋಡಿದವರಿಗೆಲ್ಲ, "ಇವನು ನನ್ನ ತಮ್ಮ. ಹೆಸರು ಹಾಲೇಶ. ಗಾಯ ಆಗಿಲ್ಲ. ಆ ರಟ್ಟು ಸುಳ್ಳು," ಅಂತ ಹೇಳಿದೆ. ಶಾಲೆಯ ಮಕ್ಕಳಿಗೆ ಹೇಳಿದೆ, ಪಾದ್ರಿಯೊಬ್ಬರಿಗೆ ಹೇಳಿದೆ. ಇವಳನ್ನು ಸುಮ್ಮನಿರಿಸು ಅಂತ ಫ್ರೆಡ್ಡಿಗೆ ಮೇಲಿನಿಂದ ಅಪ್ಪಣೆ ಬಂತು. ಅವನು ಅಪ್ಪಣೆ ಕೇಳಿಸಿಕೊಂಡು, ನಾನು ದಣಿದಾಗ ನನ್ನ ಬದಲು ತಾನೇ ಹೇಳಲು ಶುರುಮಾಡಿದ, ತನಗೆ ಕಟ್ಟಿದ ಬ್ಯಾಂಡೇಜಿನ ಕತೆ ಸಮೇತ.

ಐದನೇ ಭಾನುವಾರ ಹೋದಾಗ ರಟ್ಟು ಇರಲಿಲ್ಲ. ಮಿಸ್ಟರ್ ಪೆಲ್ ಚಿತ್ರಕಾರನಿಗೇ ಬರೆದು, ಅವನ ಒಪ್ಪಿಗೆ ತರಿಸಿದ್ದರು. ಹಿತ್ತಾಳೆ ತಗಡು, ನಾಯಿಯದಕ್ಕಿಂತ ಒಂದು ಬೆರಳು ಅಗಲ. ಹಾಲೇಶ, ಸಾಸ್ವೆಹಳ್ಳಿಯವನು. ಬೆಳಗಿನ ಕಾಳಗ ಮುಗಿಸಿ ಕೂತಿರುವುದು. ಎದೆಯ ಮೇಲಿರುವುದು ಇಷ್ಟಲಿಂಗ. ಅದೇ ಮಧ್ಯಾಹ್ನ ಜೊತೆಯವನನ್ನು ಉಳಿಸಿ ತಾನು ಮಡಿದ.

ಮಡಿದ ಅನ್ನುವುದನ್ನು ಹಿತ್ತಾಳೆಯಲ್ಲಿ ಓದಿದ ಮೇಲೆ ಇನ್ನು ಅವ್ವನಿಗೆ ಬರೆಯದೆ ಇರುವಂತಿರಲಿಲ್ಲ.

ಸಾಸ್ವೆಹಳ್ಳಿಯಿಂದ ಬಂದ ಕಾಗದ

ಮೂರು ಕಾಗದ ಹರಿದುಹಾಕಿ ನಾಲ್ಕನೆಯದನ್ನು ಅಂಚೆಗೆ ಹಾಕಿದೆ. ಆಸ್ಪತ್ರೆ ಇಲ್ಲ ಅವ್ವಾ, ಗಾಯವೂ ಇಲ್ಲ, ಅಂತ ಶುರುಮಾಡಿ ಪಂಜಾಬಿನ ಹುಡುಗ ಬರೆದದ್ದನ್ನೆಲ್ಲ ಹಾಗೇ ಕನ್ನಡಕ್ಕೆ ಇಳಿಸಿದೆ. ಹಾಕಿದ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಅವ್ವ ಏನು ಮಾಡಿಕೊಂಡಳೋ, ನಾನು ಏನು ಮಾಡಿಬಿಟ್ಟೆನೋ ಅಂತ. ಮಿಸೆಸ್ ಡಾಬ್ಸ್ ತನ್ನ ಸಕ್ಕರೆ ಪಾಲನ್ನು ನನ್ನ ಟೀಗೆ ಹಾಕಿ ಎದುರಿಗೇ ಕೂತು ಕುಡಿಸಿದಳು.

ಮೂರನೇ ವಾರ ಉತ್ತರ ಬಂತು. ಅವ್ವನಿಗೆ ಓದು ಬರಹ ಬಾರದು. ಶಾಲೆಯ ಮೇಷ್ಟ್ರು ಅವಳು ಹೇಳಿದ ಹಾಗೇ ಬರೆದಿದ್ದರು.

"ಗೌರಿ, ನಿನ್ನ ಕಾಗದ ಬಂತು. ಮೇಷ್ಟ್ರ ಹತ್ರ ಮೂರು ಸಲ ಓದಿಸಿದೆ. ಮೂರನೇ ಸಲ ಅವರಿಗೇ ಓದಾಕೆ ಆಗಲಿಲ್ಲ. ನೀನು ಹೆದರ್ಕೊಂಡು ಬರೆದೀಯ. ಯಾಕೆ ಹೆದರ್ತಿ? ಹೆತ್ತ ಹೊಟ್ಟೆಗೆ ಗೊತ್ತಾಗದೆ ಇರ್ತೈತಾ? ನನಗೆ ಗೊತ್ತಿತ್ತು ಕಣೆ. ಏನಾತು ಅಂತ ಗೊತ್ತಿಲ್ಲದೋರೆಲ್ಲ ಬಂದು ಸತ್ತ ಅನ್ನು, ಸತ್ತ ಅನ್ನು ಅಂತಿದ್ರು. ಗೊತ್ತಿಲ್ಲದೋರ ಮಾತಿಗೆ ನನ್ನ ಮಗನ್ನ ನಾನು ಯಾಕೆ ಸಾಯಿಸ್ಲಿ? ಅದಕ್ಕೆ ಒಪ್ಪಲಿಲ್ಲ. ಈಗ ನೋಡಿದೋನು ಹೇಳಿದಾನೆ. ಸಾಕು.

"ಹೆಣ ಇಲ್ಲದೆ ಕ್ರಿಯೆ ಹೆಂಗೆ ಅಂತ ಹಿರೇರು ತಕರಾರು ತೆಗೆದ್ರು. ಮಿಲಿಟರಿಗೆ ಹೋದೋನು ಲಿಂಗ ಬಿಟ್ಟಿರ್ತಾನೆ, ಅವನಿಗೆಂಥ ಕ್ರಿಯೆ ಅಂತಾನೂ ಒಬ್ಬ ಅಂದ. ನಿನ್ನ ಕಾಗದ ಅವನ ಮುಖಕ್ಕೆ ಹಿಡಿದೆ. ಪರದೇಶದ ಗೋಡೆ ಮೇಲೆ ಎದೆಗೆ ಲಿಂಗ ಕಟ್ಕೊಂಡು ಕೂತವ್ನೆ ನನ್ನ ಮಗ, ಹೋಗಿ ನೋಡ್ಕೊಂಡು ಬಾ ಹೋಗು ಅಂದೆ. ಬಾಯಿ ಮುಚ್ಕೊಂಡ. ಹೊಲದಾಗೆ ಗುಂಡಿ ತೆಗೆಸೀನಿ. ಅವನ ಅಂಗಿ ಇಡ್ತೀನಿ. ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ತಡ ಆಗಬಾರದು ಅಂತ ಮೇಷ್ಟ್ರು ಲೆಕ್ಕ ಹಾಕಿ, ಅಮಾಸೆ ಕಳೆದ ಮೊದಲನೇ ಸೋಮವಾರ ಇಟ್ಟೀವಿ. ಇಲ್ಲಿ ನಾನು ಮಣ್ಣು ಹಾಕ್ತೀನಿ. ಅಲ್ಲಿ ನೀನು ಅವನ ಮುಂದೆ ನಿಂತಿರು. ಯಾರೂ ಇಲ್ಲದಂಗೆ ಆಗಬಾರದು ಅವನಿಗೆ."

ಸೋಮವಾರ ಬೆಳಿಗ್ಗೆ ಎದ್ದು ತಲೆಗೆ ನೀರು ಹುಯ್ದುಕೊಂಡು, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮ್ಯೂಸಿಯಮ್ಮಿಗೆ ಹೋದೆ. ಬಸ್ಸಿನಲ್ಲಿ ಎಲ್ಲರೂ ನನ್ನ ಹಣೆ ನೋಡುತ್ತಿದ್ದರು. ನೋಡಲಿ ಅಂತ ಕೂತಿದ್ದೆ.

ದೊಡ್ಡ ಬಾಗಿಲು ಮುಚ್ಚಿತ್ತು. ಸೋಮವಾರ ಮ್ಯೂಸಿಯಮ್ಮಿಗೆ ವಾರದ ರಜೆ. ಇಷ್ಟು ಭಾನುವಾರ ಬಂದು ಹೋದವಳಿಗೆ ಅದು ಹೊಳೆದೇ ಇರಲಿಲ್ಲ. ಶಿವನ ವಾರ ಅಂತ ಅವ್ವ ನಿಶ್ಚಯ ಮಾಡಿದ್ದಳು, ಇವರಿಗೆ ಶಿವನೂ ಇಲ್ಲ ವಾರವೂ ಇಲ್ಲ. ಅಲ್ಲಿ ಹೊಲದಲ್ಲಿ ಅವ್ವ ಮಣ್ಣು ಹಿಡಿದು ನಿಂತಿರುತ್ತಾಳೆ.

ಕೈ ನೋಯುವ ತನಕ ಬಾಗಿಲು ಬಡಿದೆ. ಅಂಗೈ ಸಾಲದೆ ಚಪ್ಪಲಿಯಿಂದ ಬಡಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಕೊನೆಗೆ ಪಕ್ಕದ ಸಣ್ಣ ಕಿಂಡಿ ತೆಗೆದು ಮಿಸ್ಟರ್ ಪೆಲ್ ಇಣುಕಿದರು.

"ನರ್ಸ್, ಇವತ್ತು ಮುಚ್ಚಿದೆ. ಯಾರಿಗೂ ಪ್ರವೇಶ ಇಲ್ಲ. ನಾಳೆ ಬನ್ನಿ."

"ನಾಳೆ ಅಲ್ಲ," ಅಂದೆ. "ಇವತ್ತು ನಮ್ಮೂರಲ್ಲಿ ನನ್ನ ತಮ್ಮನಿಗೆ ಮಣ್ಣು ಹಾಕ್ತಿದ್ದಾರೆ. ಅಕ್ಕ ನಾನು ಇಲ್ಲಿ ಹೊರಗೆ ನಿಲ್ಲೋದಿಲ್ಲ. ಬಾಗಿಲು ತೆಗೀರಿ."

ಅವರು ನನ್ನ ಹಣೆ ನೋಡಿದರು, ಕೈಯಲ್ಲಿದ್ದ ಚಪ್ಪಲಿ ನೋಡಿದರು. ಕಿಂಡಿ ಮುಚ್ಚಿಕೊಂಡಿತು. ಒಳಗೆ ಒಂದಾದ ಮೇಲೊಂದು ಅಗುಳಿ ಸರಿಯುವ ಸದ್ದು ಕೇಳಿಸಿತು, ಆಮೇಲೆ ಆ ದೊಡ್ಡ ಬಾಗಿಲಿನ ಎರಡು ಕದವನ್ನೂ ಪೂರ್ತಿ ತೆಗೆದರು.